ಅಪ್‌ಡೇಟ್: ಅಳಿಸಿದರೂ ಮರಳುತ್ತಿದ್ದ ಮಾಲ್‌ವೇರ್‌ನ ಬೇರು ಸಿಕ್ಕಿತು

ತೀರ್ಥಹಳ್ಳಿಯಲ್ಲಿ ನಮ್ಮ ಅಡಿಕೆ ವ್ಯಾಪಾರದ ಲೆಕ್ಕ ಬರೆಯುವ ಕಂಪ್ಯೂಟರ್‌ನಲ್ಲಿ ಮಾಲ್‌ವೇರ್ (ಹಾನಿ ಮಾಡುವ ಪ್ರೋಗ್ರಾಂ) ಫೈಲನ್ನು ಎಷ್ಟು ಸಲ ಅಳಿಸಿದರೂ, ರೀಸ್ಟಾರ್ಟ್ ಆದ ಮೇಲೆ ಅದು ಮತ್ತೆ ಬರುವುದೇಕೆ ಎಂದು ಕಳೆದ ವಾರ ಕೇಳಿದ್ದೆ. ಮಳೆಗಾಲದಲ್ಲಿ ಇಲ್ಲಿ ದಿನಕ್ಕೆ 4 ಬಾರಿ ಕರೆಂಟ್ ಹೋಗುವುದರಿಂದ ರೀಸ್ಟಾರ್ಟ್‌ಗೇನೂ ಬರವಿರಲಿಲ್ಲ.

ಆಗ ಉತ್ತರಿಸಿದ ನೀವು ಹೇಳಿದಂತೆ, ಲಾಗಿನ್ ಆದೊಡನೆ ತಾನಾಗಿ ತೆರೆಯಬೇಕಾದ ಪ್ರೋಗ್ರಾಂಗಳನ್ನು ಇಡುವ ಸ್ಟಾರ್ಟಪ್ ಫೋಲ್ಡರ್ ನೋಡಿದೆ, ಖಾಲಿಯಿತ್ತು. ಆದರೆ ಲಾಗಿನ್ ಆದಾಗಲೆಲ್ಲ ಚಾಲನೆಗೊಳ್ಳಬೇಕಾದ ಪ್ರೋಗ್ರಾಂಗಳನ್ನು ಬರೆದಿಡುವ, ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ‘ರನ್’ ಕೀಯಲ್ಲಿ, ‘ಪ್ರಿಂಟರ್ ಅಪ್‌ಡೇಟ್’ ಎಂಬ ಸಭ್ಯ ಹೆಸರಿನ ನಮೂದೊಂದು ಆ ಫೈಲನ್ನು ಕರೆಯುತ್ತಿತ್ತು. ಅದನ್ನು ತೆಗೆದೆ, ಮರುದಿನ ಅದೂ ಮರಳಿತು. ಕೊನೆಗೆ ತಾನಾಗಿ ಚಾಲನೆಗೊಳ್ಳುವ ಪ್ರೋಗ್ರಾಂಗಳನ್ನು ಪಟ್ಟಿಮಾಡಿ ತೋರಿಸುವ ಮೈಕ್ರೋಸಾಫ್ಟ್‌ನ ಆಟೋರನ್ಸ್‌ನಲ್ಲಿ ಆ ಕಂಪನಿಯದೇ ನಮೂದುಗಳನ್ನು ಮರೆಮಾಡಿ ಉಳಿದವನ್ನು ಒಂದೊಂದಾಗಿ ನೋಡಿದಾಗ ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ನಡೆಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿದ್ದ ಟಾಸ್ಕ್ ಕಣ್ಣಿಗೆ ಬಿತ್ತು: ಲಾಗಿನ್ ಆದ 10 ನಿಮಿಷಕ್ಕೆ ಪವರ್‌ಶೆಲ್ (ವಿಂಡೋಸ್‌ಗೆ ಬರವಣಿಗೆಯಲ್ಲಿ ಆದೇಶ ಕೊಡುವ ಸಾಧನ) ಆದೇಶವೊಂದು ಸದ್ದಿಲ್ಲದೆ ಎದ್ದು, ಅಳಿಸಿದ ಫೈಲನ್ನು ಇಂಟರ್ನೆಟ್‌ನಿಂದ ಮತ್ತೆ ಇಳಿಸಿಕೊಂಡು, ರಿಜಿಸ್ಟ್ರಿಯ ನಮೂದನ್ನೂ ಹೊಸದಾಗಿ ಬರೆಯುತ್ತಿತ್ತು. ಇಷ್ಟು ದಿನ ನಾನು ತೋಟದ ಕಳೆಯ ತಲೆಯನ್ನಷ್ಟೇ ಸವರುತ್ತಿದ್ದೆ.

ನೆಟ್ ಕೇಬಲ್ ಕಿತ್ತು, ಫೈಲು, ರಿಜಿಸ್ಟ್ರಿ ನಮೂದು, ಟಾಸ್ಕ್ ಈ ಮೂರನ್ನೂ ಒಟ್ಟಿಗೆ ತೆಗೆದು, ವಿಂಡೋಸ್ ಏಳುವ ಮೊದಲೇ ತಪಾಸಣೆ ನಡೆಸುವ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಮಾಡಿದೆ. ಐದು ದಿನಗಳಿಂದ ಅದು ಮರಳಿಲ್ಲ. ಆದರೂ ಬ್ಯಾಂಕ್ ವ್ಯವಹಾರ ನಡೆಯುವ ಯಂತ್ರವಾದ್ದರಿಂದ ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಿಸಿದ್ದೇನೆ. ಈ ಭಾನುವಾರ ವಿಂಡೋಸ್ ಅನ್ನೇ ಹೊಸದಾಗಿ ಹಾಕಲಿದ್ದೇನೆ.