ಶಕ್ತಿನಗರದ ‘ಕೆಮಿಸ್ಟ್’ ಯಾರು? ಕನ್ನಡದಲ್ಲಿ ಏನೆನ್ನೋಣ?

ಗೆಳೆಯರೆ,

ರಾಯಚೂರು ಹತ್ತಿರದ ಶಕ್ತಿನಗರದಲ್ಲಿರುವಂಥ ಉಷ್ಣವಿದ್ಯುತ್ ಸ್ಥಾವರದಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ ಎಂದು ಹೈಸ್ಕೂಲ್ ಮಕ್ಕಳಿಗೆ ಹೇಳುವ ಸಣ್ಣ ಇಂಗ್ಲಿಷ್ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಫಿಟ್ಟರ್, ಆಪರೇಟರ್ ಎಲ್ಲ ಹಾಗೇ ಇದ್ದರೂ ಮಕ್ಕಳಿಗೆ ತಿಳಿಯುತ್ತದೆ. ತಕರಾರು ಬಂದದ್ದು ‘ಕೆಮಿಸ್ಟ್’ ಬಗ್ಗೆ. ಕರಡು ಓದಿದ ರಾಯಚೂರಿನ ಶಿಕ್ಷಕರೊಬ್ಬರು ಅಂಚಿನಲ್ಲಿ ಬರೆದಿದ್ದಾರೆ: “ಕರೆಂಟ್ ಮಾಡೋ ಜಾಗದಾಗ ಮೆಡಿಕಲ್ ಶಾಪಿನವ್ರಿಗೆ ಏನು ಕೆಲಸ ರೀ?” ಅವರದು ತಮಾಷೆಯಲ್ಲ. ನಮ್ಮ ಊರುಗಳಲ್ಲಿ ಆ ಪದ ಕಣ್ಣಿಗೆ ಬೀಳುವುದೇ ಔಷಧದಂಗಡಿಯ ಬೋರ್ಡಿನ ಮೇಲೆ, ‘ಕೆಮಿಸ್ಟ್ಸ್ ಅಂಡ್ ಡ್ರಗಿಸ್ಟ್ಸ್’ ಎಂದು.

ಆ ಬೋರ್ಡಿನ ಮಾತು ಅಂಗಡಿಯವರು ಮನಸ್ಸಿಗೆ ಬಂದಂತೆ ಬರೆಸಿದ್ದಲ್ಲ. 1945ರ ಔಷಧ ನಿಯಮಗಳು ಇದನ್ನು ಮೂರು ತರ ಮಾಡಿವೆ. ನೋಂದಾಯಿತ ಫಾರ್ಮಸಿಸ್ಟ್ ಬೇಕಿಲ್ಲದ ಅಂಗಡಿ ‘ಡ್ರಗ್ ಸ್ಟೋರ್’. ಫಾರ್ಮಸಿಸ್ಟ್ ಇದ್ದೂ ಅಲ್ಲೇ ಔಷಧ ಬೆರೆಸಿ ಕೊಡುವ ವ್ಯವಸ್ಥೆ ಇಲ್ಲದಿದ್ದರೆ ‘ಕೆಮಿಸ್ಟ್ಸ್ ಅಂಡ್ ಡ್ರಗಿಸ್ಟ್ಸ್’. ಚೀಟಿ ನೋಡಿ ಬೆರೆಸಿ ಕೊಡುವವರಾದರೆ ‘ಫಾರ್ಮಸಿ’, ‘ಡಿಸ್ಪೆನ್ಸಿಂಗ್ ಕೆಮಿಸ್ಟ್’ ಇತ್ಯಾದಿ. ಅಂದರೆ ಬರೀ ‘ಕೆಮಿಸ್ಟ್ಸ್ ಅಂಡ್ ಡ್ರಗಿಸ್ಟ್ಸ್’ ಎಂದು ಬರೆಸಿಕೊಂಡವರು ಏನನ್ನೂ ಬೆರೆಸಬೇಕಿಲ್ಲ! ಈ ಹೆಸರು ಬ್ರಿಟನ್ನಿನಿಂದ ಬಂದದ್ದು. ಅಲ್ಲಿ 1868ರ ಫಾರ್ಮಸಿ ಕಾಯ್ದೆ ನೋಂದಣಿ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ‘ಕೆಮಿಸ್ಟ್ ಅಂಡ್ ಡ್ರಗಿಸ್ಟ್’ ಎಂಬ ಬಿರುದನ್ನು ಮೀಸಲಿಟ್ಟಿತು. ಇವತ್ತಿಗೂ ಇಂಗ್ಲೆಂಡಿನವರು ಕೆಮ್ಮಿನ ಔಷಧಕ್ಕೆ ಕೆಮಿಸ್ಟರ ಹತ್ತಿರ ಹೋಗುತ್ತಾರೆ. ಅಮೆರಿಕದವರ ಕೆಮಿಸ್ಟ್ ಪ್ರಯೋಗಾಲಯ ಬಿಟ್ಟು ಬರುವುದಿಲ್ಲ. ನಾವು ಎರಡನ್ನೂ ಇಟ್ಟುಕೊಂಡಿದ್ದೇವೆ: ಅಂಗಡಿಗೆ ಬ್ರಿಟನ್ನಿನ ಅರ್ಥ, ಕಾರ್ಖಾನೆಗೆ ಇನ್ನೊಂದು.

ಈಗ ಶಕ್ತಿನಗರದ ಕೆಮಿಸ್ಟರ ಕೆಲಸ ನೋಡಿ. ಕೃಷ್ಣೆಯ ನೀರು ಹಾಗೇ ಬಾಯ್ಲರಿಗೆ ಹೋಗುವಂತಿಲ್ಲ. ಅದರ ಲವಣಗಳನ್ನು ತೆಗೆಯಬೇಕು. ಅದರಲ್ಲೂ ಸಿಲಿಕಾ ಉಳಿದರೆ ಉಗಿಯ ಜತೆ ಹಾರಿ ಟರ್ಬೈನಿನ ಅಲಗುಗಳ ಮೇಲೆ ಗಟ್ಟಿಯಾಗಿ ಕೂರುತ್ತದೆ. ಕರಗಿದ ಆಮ್ಲಜನಕ ಉಳಿದರೆ ಕೊಳವೆಗಳಿಗೆ ತುಕ್ಕು, ಅದನ್ನು ಕಳೆಯಲು ಹೈಡ್ರಜೀನ್ ಎಂಬ ರಾಸಾಯನಿಕ ಹಾಕುವ ರೂಢಿ. ಬಂದ ಕಲ್ಲಿದ್ದಲಿನಲ್ಲಿ ತೇವ ಎಷ್ಟು, ಬೂದಿ ಎಷ್ಟು, ಶಾಖ ಎಷ್ಟು ಎಂಬುದನ್ನೂ ಅಳೆಯಬೇಕು. ಇದು ಹಗಲು ರಾತ್ರಿ ಪಾಳಿಯ ಮೇಲೆ ನಡೆಯುವ ಕೆಲಸ. ಅಳತೆ ಹೇಳಿ ಸುಮ್ಮನಾಗುವುದಿಲ್ಲ, ಯಾವುದನ್ನು ಎಷ್ಟು ಹಾಕಬೇಕೆಂದೂ ಅವರೇ ಹೇಳುತ್ತಾರೆ.

ಇವರನ್ನು ‘ರಸಾಯನಶಾಸ್ತ್ರಜ್ಞ’ ಎನ್ನಲು ನನಗೆ ಮನಸ್ಸಿಲ್ಲ. ಆ ಪದ ಕೇಳಿದರೆ ಸಿ. ಎನ್. ಆರ್. ರಾವ್ ನೆನಪಾಗುತ್ತಾರೆ, ರಾತ್ರಿ ಪಾಳಿಯಲ್ಲಿ ಸ್ಯಾಂಪಲ್ ಬಾಟಲಿ ಹಿಡಿದು ನಿಂತ ಎಂ.ಎಸ್ಸಿ. ಹುಡುಗಿ ಅಲ್ಲ. ‘ಶಾಸ್ತ್ರಜ್ಞ’ ಎಂಬುದು ಶಾಸ್ತ್ರವನ್ನು ಬಲ್ಲವರ ಹೆಸರು, ಹುದ್ದೆಯ ಹೆಸರಲ್ಲ. ‘ರಾಸಾಯನಿಕ ತಜ್ಞ’ ಇನ್ನೂ ಕಷ್ಟ. ಸಿಂಧನೂರು, ಗಂಗಾವತಿ ಕಡೆ ‘ರಾಸಾಯನಿಕ’ ಎಂದರೆ ಮುಂದಿನ ಪದ ಗೊಬ್ಬರವೇ. ‘ವಿಶ್ಲೇಷಕ’ ಒಪ್ಪಬಹುದಿತ್ತು, ಆದರೆ ಕಾನೂನಿನಲ್ಲಿ ಆ ಜಾಗ ಈಗಾಗಲೇ ತುಂಬಿದೆ. ಔಷಧದ ಮಾದರಿ ಪರೀಕ್ಷಿಸುವ ‘ಗವರ್ನಮೆಂಟ್ ಅನಲಿಸ್ಟ್’ ಬೇರೆ, ಆಹಾರದ ಮಾದರಿಯವರು ಬೇರೆ.

ಹಾಗಾದರೆ ನಮ್ಮಲ್ಲಿ ಹಳೆಯ ಪದ ಏನಾದರೂ ಇದೆಯೇ ಎಂದು ಹುಡುಕಿದೆ. ಅಂಗಡಿಯ ಅರ್ಥಕ್ಕೆ ಬೇಕಾದಷ್ಟಿವೆ. ಮೈಸೂರು ಕಡೆಯವರ ಗಂಧಿಗ, ಗ್ರಂಧಿಗೆ ಅಂಗಡಿ. ನಿಜಾಮರ ಸೀಮೆಯಾಗಿದ್ದ ನಮ್ಮ ಕಡೆ ಅತ್ತಾರ. ಅತ್ತಾರ ಎಂದರೆ ಅತ್ತರು ಮಾರುವವನು ಮಾತ್ರವಲ್ಲ, ಬೇರು ನಾರಿನ ಔಷಧ ಮಾರುವವನೂ ಹೌದು. ಈಗ ಮನೆತನದ ಹೆಸರಾಗಿ ಉಳಿದಿದೆ. ಪ್ರಯೋಗಾಲಯದ ಅರ್ಥಕ್ಕೆ ಸಿಗುವುದು ರಸವಾದಿ. ಉರ್ದುವಿನಲ್ಲಿ ಕೀಮಿಯಾಗರ್. ಇಂಗ್ಲಿಷಿನ ಕೆಮಿಸ್ಟ್ ಕೂಡ ಅರಬ್ಬಿಯ ‘ಅಲ್-ಕೀಮಿಯಾ’ದಿಂದ ಬಂದ ‘ಆಲ್ಕೆಮಿಸ್ಟ್’ನ ತಲೆ ಕತ್ತರಿಸಿ ಮಾಡಿಕೊಂಡದ್ದೇ. ಆ ಲೆಕ್ಕಕ್ಕೆ ರಸವಾದಿ ಸರಿಯಾದ ಸಂಬಂಧಿಕ. ಆದರೆ ಕಬ್ಬಿಣವನ್ನು ಚಿನ್ನ ಮಾಡುತ್ತೇನೆಂದು ಊರೂರು ಅಲೆದವರ ಹೆಸರನ್ನು ಸರ್ಕಾರಿ ಸ್ಥಾವರದ ನೌಕರರಿಗೆ ಕೊಟ್ಟರೆ ಯಾರು ಸುಮ್ಮನಿರುತ್ತಾರೆ?

ಚಿನ್ನ ಎಂದಾಗ ಹಟ್ಟಿಯನ್ನು ಬಿಡುವಂತಿಲ್ಲ. ಲಿಂಗಸುಗೂರು ತಾಲೂಕಿನ ಆ ಗಣಿಯಂಥ ಕಡೆ ‘ಅಸೇಯರ್’ ಎಂಬ ಇನ್ನೊಂದು ಹೆಸರಿದೆ. ಒಂದು ಟನ್ ಅದಿರಿನಲ್ಲಿ ಎಷ್ಟು ಗ್ರಾಂ ಚಿನ್ನ ಎಂದು ಹೇಳುವವರು. ಹಳೆಯ ವಿಧಾನ ಬೆಂಕಿಯದು: ಪುಡಿಯನ್ನು ಸೀಸದ ಆಕ್ಸೈಡ್, ಬಿಳಿಗಾರ, ಸೋಡಾಗಳ ಜತೆ ಕರಗಿಸಿದರೆ ಸೀಸ ಚಿನ್ನವನ್ನು ಎಳೆದುಕೊಂಡು ತಳಕ್ಕಿಳಿಯುತ್ತದೆ. ಆ ಸೀಸವನ್ನು ಸರಂಧ್ರವಾದ ಪುಟ್ಟ ಬಟ್ಟಲಲ್ಲಿಟ್ಟು ಮತ್ತೆ ಕಾಸಿದರೆ ಬಟ್ಟಲು ಸೀಸವನ್ನು ಹೀರಿ, ಚಿನ್ನ ಬೆಳ್ಳಿಯ ಹನಿ ಉಳಿಯುತ್ತದೆ. ನೈಟ್ರಿಕ್ ಆಮ್ಲಕ್ಕೆ ಹಾಕಿ ಬೆಳ್ಳಿಯನ್ನು ಕಳೆದು, ಉಳಿದದ್ದನ್ನು ತೂಗುವುದು. ಇವರಿಗೆ ‘ಚಿನಿವಾರ’ ಎನ್ನಬಹುದೆ? ಚಿನ್ನದ ಗುಣ ನೋಡಿ ಬೆಲೆ ಕಟ್ಟುವವನು ಚಿನಿವಾರ; ಪತ್ರಿಕೆಗಳ ‘ಚಿನಿವಾರ ಪೇಟೆ’ ನೋಡಿ ಬೆಳೆದವರಿಗೆ ಅದು ಪೂರ್ತಿ ವ್ಯಾಪಾರದ ಮಾತು. ಆದರೂ ನನಗೆ ಆಸೆ ಇದೆ. ‘ಅದಿರು ಪರೀಕ್ಷಕ’ಕ್ಕಿಂತ ಇದರಲ್ಲಿ ಜೀವವಿದೆ.

ಕೆಮಿಸ್ಟರ ವಿಷಯದಲ್ಲಿ ಸದ್ಯಕ್ಕೆ ಪಠ್ಯದಲ್ಲಿ ‘ಕೆಮಿಸ್ಟ್’ ಎಂದೇ ಇಟ್ಟು, ಮೊದಲ ಸಲ ಬಂದ ಕಡೆ “ಸ್ಥಾವರದ ನೀರು, ಉಗಿ, ಕಲ್ಲಿದ್ದಲು ಪರೀಕ್ಷಿಸುವ ರಸಾಯನ ಪದವೀಧರರು” ಎಂದು ಬಿಡಿಸಿ ಬರೆದಿದ್ದೇನೆ. ಶಿಕ್ಷಕರು ಒಪ್ಪಿದ್ದಾರೆ, ಆದರೆ ಶೀರ್ಷಿಕೆಗೆ ಅಷ್ಟುದ್ದದ್ದು ಹಿಡಿಯುವುದಿಲ್ಲ. ‘ರಸಾಯನಗಾರ’ ಹೇಗೆ? ಗಾಣಿಗ, ಕಮ್ಮಾರರ ಸಾಲಿನಲ್ಲಿ ಕೂರುತ್ತದೆ, ಕೈಕೆಲಸದ ಗೌರವವೂ ಇದೆ. ಬಾಳೆಹಣ್ಣಿನ ರಸಾಯನ ಮಾಡುವವರು ಎಂದು ಮಕ್ಕಳು ನಕ್ಕರೆ ಮಾತ್ರ ನಾನು ಹೊಣೆಯಲ್ಲ.

ಕುಡಿತಿನಿ ಸ್ಥಾವರದಲ್ಲಿ, ತೋರಣಗಲ್ಲು, ಗಿಣಿಗೇರಿಯ ಉಕ್ಕು ಕಾರ್ಖಾನೆಗಳಲ್ಲಿ ದುಡಿದವರು ಇಲ್ಲಿದ್ದರೆ ಹೇಳಿ: ‘ಶಿಫ್ಟ್ ಕೆಮಿಸ್ಟ್’ರನ್ನು ಅಲ್ಲಿನ ಕಾರ್ಮಿಕರು ತಮ್ಮತಮ್ಮಲ್ಲಿ ಏನೆಂದು ಕರೆಯುತ್ತಾರೆ? ನಾನು ಕೇಳಿದ್ದು ‘ಲ್ಯಾಬಿನವ್ರು’ ಎಂದಷ್ಟೇ. ಬಳ್ಳಾರಿ ಕಡೆ ತೆಲುಗಿನ ನೆರಳಿರುವ ಬೇರೆ ಮಾತಿದ್ದರೆ ಅದೂ ಬೇಕು.