ಸಹಾಯ ಬೇಕು: ವಿಜಯಪುರದ ಹವೆಗೆ ಮಗಳ ಇಸಬು ಜಾಸ್ತಿಯಾಗಿದೆ

ಅಕ್ಕಂದಿರೇ, ಅಣ್ಣಂದಿರೇ, ನಮಸ್ಕಾರ. ನನ್ನ ಮಗಳಿಗೆ 5 ವರ್ಷ. ಚಿಕ್ಕಂದಿನಿಂದ ಇಸಬು ಇದೆ, ಡಾಕ್ಟರ್ ಎಕ್ಸಿಮಾ ಅಂತಾರೆ. ಬೆಳಗಾವಿಯಲ್ಲಿದ್ದಾಗ ಅಷ್ಟು ಕಾಡಿರಲಿಲ್ಲ. ದೀಪಾವಳಿ ಆದ ಮೇಲೆ ವಿಜಯಪುರಕ್ಕೆ ಬಂದೆವು. ಚಳಿಗಾಲದ ಒಣ ಗಾಳಿಗೆ ಚರ್ಮದ ಪಸೆ ಆರಿ, ಮೊಣಕೈ ಮಡಿಕೆಯಲ್ಲಿ, ಮೊಣಕಾಲಿನ ಹಿಂದೆ ಬಿರುಕು ಬಿಟ್ಟಿತು. ಈಗ ಬೇಸಿಗೆ. ಬೆವರು ಕೂತಲ್ಲೆಲ್ಲ ತುರಿಕೆ. ನಿದ್ದೆಯಲ್ಲೇ ಕೆರೆದುಕೊಳ್ಳುತ್ತಾಳೆ. ಬೆಳಿಗ್ಗೆ ಹಾಸಿಗೆ ಮೇಲೆ ರಕ್ತದ ಸಣ್ಣ ಸಣ್ಣ ಕಲೆ ನೋಡಿದರೆ ಕರುಳು ಚುರ್ ಅನ್ನುತ್ತದೆ.

ಡಾಕ್ಟರ್ ಕೊಟ್ಟ ಮುಲಾಮು ನಡೆದಿದೆ. ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮಾಡಿಸಿ, ಮೈ ಹಸಿ ಇರುವಾಗಲೇ ಮಾಯಿಶ್ಚರೈಸರ್ ಹಚ್ಚುತ್ತೇನೆ. ಇದು ಅಂಟುರೋಗ ಅಲ್ಲ. ಆದರೂ ಓಣಿಯಲ್ಲಿ ಕೆಲವರು ತಮ್ಮ ಮಕ್ಕಳನ್ನು ಇವಳ ಜೊತೆ ಆಟಕ್ಕೆ ಬಿಡುವುದಿಲ್ಲ, ಅದೇ ಜಾಸ್ತಿ ನೋವು.

ನಮ್ಮದು ಬೋರ್‌ವೆಲ್ ನೀರು, ಬಕೆಟ್‌ಗೆ ಬಿಳಿ ಪದರ ಕಟ್ಟುತ್ತದೆ. ಗಡಸು ನೀರು ಇಂಥ ಚರ್ಮಕ್ಕೆ ಕಿರಿಕಿರಿ ಮಾಡಬಹುದು ಅಲ್ವಾ? ಸ್ನಾನಕ್ಕೆ ನೀವೆಲ್ಲ ಏನು ಮಾಡುತ್ತೀರಿ? ಏರ್ ಕೂಲರ್ ಇಟ್ಟ ಮೇಲೆ ಮಕ್ಕಳ ತುರಿಕೆ ಕಡಿಮೆ ಆಯ್ತಾ? ವಿಜಯಪುರ, ಬಾಗಲಕೋಟೆ ಕಡೆ ಇಂಥ ಮಕ್ಕಳಿರುವವರು ದಯವಿಟ್ಟು ಹೇಳಿ. ನಾಟಿ ಮದ್ದು ಮಾತ್ರ ಬೇಡ. ಒಮ್ಮೆ ಹಚ್ಚಿದ್ದಕ್ಕೆ ಉರಿ ತಾಳಲಾರದೆ ರಾತ್ರಿಯಿಡೀ ಅತ್ತಿದ್ದಾಳೆ.