ತೇಗದ ಹಲಗೆಯ ನೆಲದ ಮೇಲೆ ಒಣಗಿದ ಪೇಂಟ್ ಕಲೆ: ಪಾಲಿಶ್ ಕೆಡದಂತೆ ತೆಗೆಯುವುದು ಹೇಗೆ?

ಪ್ರಶ್ನೆ (ಮಹಡಿಮನೆ):

ಎಲ್ಲರಿಗೂ ನಮಸ್ಕಾರ. ಸಾಗರದ ಬಳಿ ಇರುವ ನಮ್ಮ ಹಳೆಯ ಮನೆಯ ಮಹಡಿಗೆ ಅಜ್ಜನ ಕಾಲದಲ್ಲಿ ಹಾಕಿಸಿದ ತೇಗದ ಹಲಗೆಯ ನೆಲವಿದೆ. ಕಳೆದ ತಿಂಗಳು ತಂಗಿಯ ಮದುವೆಗೆಂದು ಗೋಡೆಗಳಿಗೆ ನೀರು ಬೆರೆಸಿ ಬಳಿಯುವ ಎಮಲ್ಷನ್ ಪೇಂಟನ್ನೂ ಕಿಟಕಿಗಳಿಗೆ ಎಣ್ಣೆ ಆಧಾರದ ಎನಾಮೆಲ್ ಪೇಂಟನ್ನೂ ಹೊಡೆಸಿದೆವು. ನೆಲಕ್ಕೆ ಹಾಸಿದ್ದ ಹಳೆಯ ಸೀರೆಗಳು ಏಣಿ ಎಳೆದಾಡುವಾಗ ಸರಿದುಹೋಗಿದ್ದನ್ನು, ಮದುವೆಯ ಗಡಿಬಿಡಿಯಲ್ಲಿ, ಯಾರೂ ಗಮನಿಸಲಿಲ್ಲ. ಈಗ ಕಿಟಕಿಗಳ ಕೆಳಗೆ ಸಾಸಿವೆ ಕಾಳಿನಷ್ಟರಿಂದ ಹಿಡಿದು ಎಂಟಾಣೆಯಗಲದವರೆಗೆ ಐವತ್ತಕ್ಕೂ ಹೆಚ್ಚು ಬಿಳಿ ಮತ್ತು ಕಂದು ಚುಕ್ಕೆಗಳು ಒಣಗಿ ಕೂತಿವೆ. ಒಂದೆಡೆ ಥಿನ್ನರ್ ಹಾಕಿ ಉಜ್ಜಿದೆ. ಚುಕ್ಕೆಯೇನೋ ಹೋಯಿತು, ಆದರೆ ಸುತ್ತಲಿನ ಹೊಳಪೂ ಬಟ್ಟೆಗೆ ಕಂದಾಗಿ ಬಂದು, ಅಂಗೈಯಗಲದ ಜಾಗ ಮಂಕಾಯಿತು. ಅಜ್ಜ ಮಂಡಿಯೂರಿ ಕೂತು ಒರೆಸುತ್ತಿದ್ದ ನೆಲವಿದು, ಇನ್ನಷ್ಟು ಕೆಡಿಸಲು ನನಗೆ ಮನಸ್ಸಿಲ್ಲ. ಬಲ್ಲವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ (ಉಳಿಬಾಚಿ):

ಮೊದಲು ಥಿನ್ನರ್ ಡಬ್ಬಿಯನ್ನು ಮುಚ್ಚಿಡಿ. ಪೇಂಟ್ ರಿಮೂವರ್ ಎಂದು ಮಾರುವ ದ್ರವವನ್ನೂ ಹತ್ತಿರ ತರಬೇಡಿ, ಅದಕ್ಕೆ ಚುಕ್ಕೆ ಯಾವುದು, ಪಾಲಿಶ್ ಯಾವುದು ಎಂಬ ಭೇದ ತಿಳಿಯುವುದಿಲ್ಲ. ಇಂಥ ಕೆಲಸದಲ್ಲಿ ಎಲ್ಲರೂ ಮೇಲಿನ ಪೇಂಟ್ ಯಾವುದೆಂದು ಯೋಚಿಸುತ್ತಾರೆಯೇ ಹೊರತು ಅದರ ಅಡಿಯಲ್ಲಿರುವ ಪಾಲಿಶ್ ಯಾವುದೆಂದು ಕೇಳುವುದಿಲ್ಲ. ಮೂವತ್ತು ವರ್ಷ ಮರಗೆಲಸ ಮಾಡಿದ ನನ್ನ ಅನುಭವದಲ್ಲಿ ಹೆಚ್ಚಿನ ನೆಲಗಳು ಕೆಟ್ಟಿದ್ದು ಅಲ್ಲಿಯೇ.

ಪೆಟ್ಟಿಗೆಯೋ ಮಂಚವೋ ಮುಚ್ಚಿರುವ ಒಂದು ಮೂಲೆಯಲ್ಲಿ, ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದು ಹನಿಯಷ್ಟು ತಾಗಿಸಿ, ಒಂದು ನಿಮಿಷ ಬಿಟ್ಟು ಬೆರಳಿನಿಂದ ಮುಟ್ಟಿ ನೋಡಿ. ಅಂಟಂಟಾದರೆ ಅದು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಳಿಯುವ ಹಳೆಯ ಸ್ಪಿರಿಟ್ ಪಾಲಿಶ್. ನೀವು ಹೇಳಿದ ಲಕ್ಷಣ ನೋಡಿದರೆ ನಿಮ್ಮದು ಅದೇ ಇರಬೇಕು. ಏನೂ ಆಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಎಂಬ, ಸ್ಪಿರಿಟ್ಟಿಗೆ ಸುಲಭವಾಗಿ ಕರಗದ ಈಗಿನ ಕಾಲದ ಲೇಪ ಇರಬಹುದು.

ಸ್ಪಿರಿಟ್ ಪಾಲಿಶ್ ಎಂದು ಖಚಿತವಾದರೆ ಎಮಲ್ಷನ್ ಚುಕ್ಕೆಗಳಿಗೆ ಸ್ಪಿರಿಟ್ ಮುಟ್ಟಿಸುವಂತಿಲ್ಲ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಬೆರೆಸಿ, ಬಟ್ಟೆಯ ತುಂಡನ್ನು ಅದ್ದಿ ಗಟ್ಟಿಯಾಗಿ ಹಿಂಡಿ, ಚುಕ್ಕೆಯ ಮೇಲೆ ಮಾತ್ರ ಎರಡು ಮೂರು ನಿಮಿಷ ಇಡಿ. ಹೆಚ್ಚು ಹೊತ್ತು ನೀರು ನಿಂತರೆ ಅರಗು ಬೆಳ್ಳಗಾಗುತ್ತದೆ, ಹಲಗೆಗಳ ಸಂದಿಗೂ ನೀರಿಳಿಯುತ್ತದೆ. ಆಮೇಲೆ ಹಳೆಯ ಎಟಿಎಂ ಕಾರ್ಡಿನ ಅಂಚನ್ನು ನೆಲಕ್ಕೆ ತೀರಾ ಓರೆಯಾಗಿ ಹಿಡಿದು, ಮರದ ಎಳೆ ಹೋದ ದಿಕ್ಕಿನಲ್ಲಿಯೇ ನಿಧಾನವಾಗಿ ತಳ್ಳಿ. ಮೆತ್ತಗಾದ ಚುಕ್ಕೆಯ ಅಂಚು ಮೊದಲು ತೆಳುವಾಗಿ ಮೇಲೇಳುತ್ತದೆ, ಆಮೇಲೆ ಹಾಲಿನ ಕೆನೆ ಸರಿದ ಹಾಗೆ ಇಡೀ ಚುಕ್ಕೆ ಬರುತ್ತದೆ. ಏಳದಿದ್ದರೆ ಬಲ ಹಾಕಬೇಡಿ, ಜಾಗ ಒಣಗಲು ಬಿಟ್ಟು ಮರುದಿನ ಇನ್ನೊಮ್ಮೆ ಬಟ್ಟೆಯಿಡಿ. ತೇಗದ ರಂಧ್ರಗಳೊಳಗೆ ಉಳಿದ ಬಿಳುಪನ್ನು ಬಿದಿರಿನ ಕಡ್ಡಿಯ ಮೊನೆಯಿಂದ ಕೆದಕಬಹುದು.

ಉತ್ತರ (ಹೊನ್ನೆಮರ):

ಮೇಲಿನವರು ಎಮಲ್ಷನ್ ಬಗ್ಗೆ ಸರಿಯಾಗಿಯೇ ಹೇಳಿದ್ದಾರೆ. ಕಂದು ಚುಕ್ಕೆಗಳು ಎನಾಮೆಲ್ ಆದ್ದರಿಂದ ಅವಕ್ಕೆ ಸೋಪಿನ ನೀರು ಸಾಲದು. ಅರಗು ಟರ್ಪೆಂಟೈನಿನಲ್ಲಿ ಕರಗುವುದಿಲ್ಲ, ಹಾಗಾಗಿ ನಿಮ್ಮ ನೆಲಕ್ಕೆ ಅದರಿಂದ ಭಯವಿಲ್ಲ. ಮೇಲೆ ಮೇಣ ಹಚ್ಚಿದ್ದರೆ ಅದು ಮಾತ್ರ ಹೋಗುತ್ತದೆ. ಆದರೆ ತಿಂಗಳು ಕಳೆದ ಎನಾಮೆಲ್ ಟರ್ಪೆಂಟೈನಿಗೆ ಸುಲಭವಾಗಿ ಬಗ್ಗುವುದೂ ಇಲ್ಲ. ನಮ್ಮ ಮನೆಯಲ್ಲಿ ಫಲ ಕೊಟ್ಟಿದ್ದು ಅಗಸೆ ಎಣ್ಣೆ. ಚುಕ್ಕೆಗೆ ದಪ್ಪವಾಗಿ ಸವರಿ ಕೆಲವು ಗಂಟೆ ಬಿಟ್ಟು, ಅದೇ ಕಾರ್ಡಿನಿಂದ ಎಬ್ಬಿಸಿ, ಉಳಿದ ಎಣ್ಣೆಯನ್ನು ಒಂದಿಷ್ಟೂ ಬಿಡದಂತೆ ಒರೆಸಿದೆವು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಅಗಸೆ ಎಣ್ಣೆ ಗಾಳಿಯೊಂದಿಗೆ ಸೇರಿ ಒಣಗುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಆ ಬಿಸಿ ಒಳಗೇ ಕೂಡಿಕೊಂಡು, ಯಾರೂ ಕಡ್ಡಿ ಗೀರದೆ ಬೆಂಕಿ ಹತ್ತಬಲ್ಲದು. ಮರದ ಮಹಡಿಯಿರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಬಟ್ಟೆಗಳನ್ನು ಅಂಗಳದ ತಂತಿಯ ಮೇಲೆ ಬಿಡಿಬಿಡಿಯಾಗಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ನೆಲದಲ್ಲಿ ನಡುನಡುವೆ ಹೊನ್ನೆಯ ಹಲಗೆಗಳಿದ್ದರೆ, ಪಾಲಿಶ್ ಸವೆದ ಕಡೆ ಒದ್ದೆ ಬಟ್ಟೆ ತಾಗಿದಾಗ ಹಳದಿ ಬಣ್ಣ ಬಿಡುತ್ತದೆ. ಅದು ಮರದ ಗುಣ, ಪಾಲಿಶ್ ಹೋಯಿತೆಂದು ಗಾಬರಿಯಾಗಬೇಡಿ.

ಉತ್ತರ (ಜಯನಗರವಾಸಿ):

ಅಪಾರ್ಟ್‌ಮೆಂಟುಗಳಲ್ಲಿ ಇರುವವರಿಗಾಗಿ ಎರಡು ಮಾತು. ನಮ್ಮದು ಪಿಯು ಲೇಪಿಸಿದ ಓಕ್ ನೆಲ. ಇಂಥ ನೆಲದ ಮೇಲಿನ ಎಮಲ್ಷನ್ ಚುಕ್ಕೆಯನ್ನು ಸರ್ಜಿಕಲ್ ಸ್ಪಿರಿಟ್ ತಾಗಿಸಿದ ಹತ್ತಿಯಿಂದ ಅರ್ಧ ನಿಮಿಷ ಒತ್ತಿ ತೆಗೆಯಬಹುದು, ಅದೂ ಮೂಲೆಯಲ್ಲಿ ಪರೀಕ್ಷಿಸಿದ ಮೇಲೆ. ಎಂಜಿನಿಯರ್ಡ್ ಹಲಗೆಯಾದರೆ, ಅಂದರೆ ಪ್ಲೈವುಡ್ಡಿನಂಥ ತಳದ ಮೇಲೆ ಮರದ ತೆಳು ಪದರ ಅಂಟಿಸಿದ್ದಾದರೆ, ಮೇಲಿರುವ ನಿಜವಾದ ಮರ ಕೆಲವೇ ಮಿಲಿಮೀಟರ್ ದಪ್ಪವಿರುವುದರಿಂದ ಮರಳು ಕಾಗದ ಬೇಡ. ಪಾತ್ರೆ ಉಜ್ಜುವ ಉಕ್ಕಿನ ನಾರಂತೂ ಸರ್ವಥಾ ಬೇಡ. ಅದರ ಚೂರುಗಳು ರಂಧ್ರಗಳಲ್ಲಿ ಉಳಿದು, ತೇವ ತಾಗಿದಾಗ ಓಕ್ ಮರದ ಒಗರಿನೊಂದಿಗೆ ಸೇರಿ ಕಪ್ಪು ಕಲೆಯಾಗುತ್ತದೆ.

ಇನ್ನೊಂದು ವಿಷಯ. ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದು 2017ರ ನವೆಂಬರಿನಲ್ಲಿ. ಹಳೆಯ ಮನೆಗಳ ನೆಲದಲ್ಲಿ ಅದಕ್ಕೂ ಮೊದಲಿನ ಎನಾಮೆಲ್ ಚುಕ್ಕೆಗಳೂ ಇರಬಹುದು. ಅವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ, ಮಕ್ಕಳಿರುವ ಮನೆಯಲ್ಲಂತೂ ಕೂಡದು.

ಪ್ರಶ್ನೆ ಕೇಳಿದವರು (ಮಹಡಿಮನೆ):

ಮೂವರಿಗೂ ಕೃತಜ್ಞತೆಗಳು. ಮೂಲೆಯಲ್ಲಿ ಪರೀಕ್ಷಿಸಿದೆ, ಬೆರಳಿಗೆ ಅಂಟಿತು. ನಾಲ್ಕು ದಿನ ಬೆಳಗಿನ ಹೊತ್ತು ಕೂತು ಬಿಳಿ ಚುಕ್ಕೆಗಳನ್ನು ಪೂರ್ತಿ ತೆಗೆದೆ, ಎಲ್ಲಿಯೂ ಹೊಳಪು ಹೋಗಿಲ್ಲ. ಕಂದು ಚುಕ್ಕೆಗಳಲ್ಲಿ ಆರೇಳು ಉಳಿದಿವೆ, ಅವಕ್ಕೆ ಇನ್ನೊಮ್ಮೆ ಎಣ್ಣೆ ಹಚ್ಚುತ್ತೇನೆ. ಥಿನ್ನರಿನಿಂದ ಮಂಕಾದ ಜಾಗವನ್ನು ಏನು ಮಾಡಲಿ? ಇಡೀ ನೆಲಕ್ಕೆ ಹೊಸ ಪಾಲಿಶ್ ಮಾಡಿಸಬೇಕೇ?

ಉತ್ತರ (ಉಳಿಬಾಚಿ):

ಬೇಕಾಗಿಲ್ಲ. ಸ್ಪಿರಿಟ್ ಪಾಲಿಶಿನ ದೊಡ್ಡ ಗುಣವೆಂದರೆ ಹೊಸ ಲೇಪ ಹಳೆಯದನ್ನು ತುಸು ಕರಗಿಸಿ ಅದರೊಂದಿಗೆ ಒಂದಾಗುತ್ತದೆ, ಆದ್ದರಿಂದ ಅಂಗೈಯಗಲದ ತೇಪೆಯೂ ಎದ್ದು ಕಾಣುವುದಿಲ್ಲ. ಹಳೆಯ ಹತ್ತಿ ಬಟ್ಟೆಯೊಳಗೆ ಹತ್ತಿಯ ಉಂಡೆ ಕಟ್ಟಿ, ತೆಳುವಾದ ಪಾಲಿಶಿನಲ್ಲಿ ಅದ್ದಿ ಹಿಂಡಿ, ಎಲ್ಲಿಯೂ ನಿಲ್ಲಿಸದೆ ಎಳೆಯ ಉದ್ದಕ್ಕೂ ಹಗುರವಾಗಿ ಸವರಿ. ಒಣಗಿದ ಮೇಲೆ ಮತ್ತೊಂದು ಕೈ, ಹೀಗೆ ನಾಲ್ಕೈದು ಸಲ. ಆದರೆ ಈಗ ಬೇಡ. ಜೂನ್ ತಿಂಗಳ ಸಾಗರದ ಗಾಳಿಯಲ್ಲಿ ತೇವ ಹೆಚ್ಚು, ಹಚ್ಚಿದ ಪಾಲಿಶ್ ಒಣಗುವಾಗ ಆ ತೇವವನ್ನು ಹಿಡಿದುಕೊಂಡು ಬೆಳ್ಳಗೆ ಮಂಜುಗಟ್ಟುತ್ತದೆ. ಅಲ್ಲಿಯವರೆಗೆ ಆ ಜಾಗದ ಮೇಲೆ ಒದ್ದೆ ಕಾಲು ಬೀಳದಂತೆ ಒಂದು ಚಾಪೆ ಹಾಸಿಡಿ, ದೀಪಾವಳಿ ಕಳೆದು ನಾಲ್ಕು ಒಳ್ಳೆಯ ಬಿಸಿಲು ಬಂದ ಮೇಲೆ ಮಧ್ಯಾಹ್ನದ ಹೊತ್ತು ಕೆಲಸಕ್ಕೆ ಕೈಹಾಕಿ.